ಫ್ಲಾಸ್ಕ್‌ನ ಗೆಟ್_ಜೇಸನ್: ಬಳಸಿ ನೋಡಿದ ಮೇಲೆ

ಪೈಥಾನ್‌ನಲ್ಲಿ ವೆಬ್ ತಂತ್ರಾಂಶ ಬರೆಯುವವರಿಗೆ ಫ್ಲಾಸ್ಕ್ ಹೊಸದೇನಲ್ಲ. ಆರ್ಮಿನ್ ರೊನಾಕರ್ 2010ರಲ್ಲಿ ಹೊರತಂದ ಈ ಪುಟ್ಟ ಫ್ರೇಮ್‌ವರ್ಕ್‌ನಲ್ಲಿ, ಮೊಬೈಲ್ ಆ್ಯಪ್‌ನಿಂದಲೋ ಬ್ರೌಸರ್‌ನಿಂದಲೋ ಬರುವ ಜೇಸನ್ (ದತ್ತಾಂಶ ಸಾಗಿಸಲು ಬಳಸುವ ಒಂದು ಪಠ್ಯರೂಪ) ದತ್ತಾಂಶವನ್ನು ಓದಿಕೊಳ್ಳಲು ಗೆಟ್_ಜೇಸನ್ ಎಂಬ ಒಂದು ಮೆಥಡ್ ಇದೆ. ಅದೊಂದನ್ನೇ ನಂಬಿ ಎಷ್ಟು ದೂರ ಹೋಗಬಹುದು ಎಂಬುದಷ್ಟೇ ಇಲ್ಲಿನ ವಿಚಾರ.

ಹಿಂದೆ ಕಳುಹಿಸುವವರು ದತ್ತಾಂಶ ಯಾವ ಬಗೆಯದೆಂದು ಹೇಳುವ ಕಂಟೆಂಟ್-ಟೈಪ್ ಹೆಡರ್ ಹಾಕಲು ಮರೆತರೆ ಈ ಮೆಥಡ್ ಸದ್ದಿಲ್ಲದೆ ‘ನನ್’ (ಏನೂ ಇಲ್ಲ) ಎಂಬ ಮೌಲ್ಯವನ್ನು ಕೊಟ್ಟು ಸುಮ್ಮನಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಅದರಿಂದ ಹೆಸರನ್ನೋ ವಿಳಾಸವನ್ನೋ ತೆಗೆಯಲು ಹೋದ ಪ್ರೋಗ್ರಾಂ 500ರ, ಅಂದರೆ ಸರ್ವರ್ ಕಡೆಯ, ದೋಷದೊಂದಿಗೆ ಬಿದ್ದುಹೋಗಿ, ಕಳುಹಿಸಿದವರ ತಪ್ಪಿಗೆ ಸರ್ವರ್ ಹೊಣೆಯಾಗುತ್ತಿತ್ತು. ಫ್ಲಾಸ್ಕ್‌ಗೆ ಅಡಿಪಾಯವಾಗಿರುವ ವರ್ಕ್‌ಝಾಯ್ಗ್‌ನ 2.1ನೇ ಆವೃತ್ತಿಯಲ್ಲಿ ಇದಕ್ಕೆ 400ರ (ಕೋರಿಕೆಯೇ ಸರಿಯಿಲ್ಲ ಎಂಬ) ಉತ್ತರ ಬಂತು, 2.3ರಿಂದ 415 (ಈ ಬಗೆಯ ದತ್ತಾಂಶ ಒಪ್ಪುವುದಿಲ್ಲ ಎಂಬ ಸಂಕೇತ) ಬರುತ್ತಿದೆ. ಹಳೆಯ ಕೋಡ್ ಇಟ್ಟುಕೊಂಡವರು ಗೊಣಗಿರಬಹುದು, ಆದರೆ ಈ ಬಿಗಿ ಬೇಕೇ ಇತ್ತು. ಈಗಲೂ ‘ಸೈಲೆಂಟ್’ ಎಂಬ ಆಯ್ಕೆಯನ್ನು ಕೊಟ್ಟರೆ ಹಳೆಯ ಮೌನವೇ ಮರಳುತ್ತದೆ. ಆಗ ಕೆಟ್ಟ ಜೇಸನ್ ಬಂದಿತೋ, ನಿಜವಾಗಿಯೇ ‘ನಲ್’ ಎಂದು ಕಳುಹಿಸಿದ್ದರೋ ಎಂದು ತಿಳಿಯುವ ದಾರಿ ಇರುವುದಿಲ್ಲ.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಗೆಟ್_ಜೇಸನ್ ವ್ಯಾಕರಣವನ್ನು ಪರೀಕ್ಷಿಸುತ್ತದೆಯೇ ಹೊರತು ಒಳಗಿನ ಸರಕನ್ನಲ್ಲ. ಡಿಕ್ಷನರಿ (ಹೆಸರು-ಮೌಲ್ಯಗಳ ಜೋಡಿಗಳ ಸಂಗ್ರಹ) ಬರಬೇಕಾದ ಕಡೆ ಬರೀ ಪಟ್ಟಿಯೊಂದು ಬಂದರೂ ಅದು ಶುದ್ಧ ಜೇಸನ್ನೇ ಆದ್ದರಿಂದ ಒಳಗೆ ಬಿಟ್ಟುಬಿಡುತ್ತದೆ. ವಯಸ್ಸು ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿ ಬಂದದ್ದನ್ನು ಗಮನಿಸದೆ ನಾನೇ ಅದನ್ನು ಸಂಖ್ಯೆಯೊಂದಿಗೆ ಹೋಲಿಸಿ, ಟೈಪ್‌ಎರರ್ ಕಂಡ ಮೇಲೆ ಸ್ಟ್ರಿಂಗನ್ನು ಸಂಖ್ಯೆಯಾಗಿಸುವ ಇಂಟ್ ಫಂಕ್ಷನ್‌ನ ಮೊರೆಹೋದೆ. (ಆ ಇಂಟ್ ‘೨೫’ ಎಂಬ ಕನ್ನಡ ಅಂಕಿಯನ್ನೂ ಸರಿಯಾಗಿ 25 ಎಂದೇ ಓದುತ್ತದೆ, ನೋಡಿ ಖುಷಿಯಾಯಿತು.) ಹೀಗೆ ಒಂದೊಂದು ಕಲಮಿಗೂ (ಫೀಲ್ಡ್) ಒಂದೊಂದು ಇಫ್ ಬರೆಯುತ್ತಾ ಹೋಗುವ ಬದಲು ದತ್ತಾಂಶವನ್ನು ಪರಿಶೀಲಿಸುವ ಪೈಡ್ಯಾಂಟಿಕ್ ಎಂಬ ಲೈಬ್ರರಿಯ ಮಾಡೆಲ್ ಒಂದನ್ನು ಜೊತೆಗಿಟ್ಟುಕೊಳ್ಳುವುದು ಲೇಸು. 2023ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯ ತಿರುಳನ್ನು ರಸ್ಟ್ ಭಾಷೆಯಲ್ಲಿ ಬರೆದಿರುವುದರಿಂದ ಪರಿಶೀಲನೆ ಹೊರೆಯೆನಿಸುವುದಿಲ್ಲ, ಯಾವ ಕಲಮಿನಲ್ಲಿ ಏನು ತಪ್ಪಿದೆ ಎಂಬುದನ್ನೂ ಅದು ಹೆಸರಿಸಿ ಹೇಳುತ್ತದೆ. ಫಾಸ್ಟ್‌ಎಪಿಐ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ ಈ ಏರ್ಪಾಡು ಮೊದಲಿನಿಂದಲೇ ಇದೆ. ಹತ್ತಾರು ಕಲಮುಗಳ ಅರ್ಜಿಗಳನ್ನು ಸ್ವೀಕರಿಸುವ ಹೊಸ ಕೆಲಸವಾದರೆ ನಾನು ಅದನ್ನೇ ಆರಿಸುತ್ತೇನೆ.

ಕನ್ನಡದಲ್ಲಿ ದತ್ತಾಂಶ ಕಳುಹಿಸುವವರಿಗೆ ಇನ್ನೊಂದು ಮಾತು. ಒಳಬರುವ ಕನ್ನಡಕ್ಕೆ ತೊಂದರೆಯಿಲ್ಲ, ಆದರೆ ಉತ್ತರ ಕಳುಹಿಸುವಾಗ ಫ್ಲಾಸ್ಕ್ ತಾನಾಗಿಯೇ ಪ್ರತಿ ಅಕ್ಷರವನ್ನೂ ಆರು ಚಿಹ್ನೆಗಳ ಯೂನಿಕೋಡ್ ಸಂಕೇತವಾಗಿ ಬರೆಯುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ ಐದು ಘಟಕಗಳಿದ್ದು, ಯುಟಿಎಫ್-8ರಲ್ಲಿ 15 ಬೈಟ್ ಸಾಕಾಗುವಲ್ಲಿ ಇದಕ್ಕೆ 30 ಬೈಟ್ ಬೇಕು. ಮಾಹಿತಿ ಕೆಡುವುದಿಲ್ಲವಾದರೂ ಲಾಗ್ ಓದುವವರ ಕಣ್ಣು ಕೆಡುತ್ತದೆ. ಫ್ಲಾಸ್ಕ್ 2.2ರಿಂದೀಚೆಗೆ ಆ್ಯಪ್‌ನ ಜೇಸನ್ ಪ್ರೊವೈಡರ್‌ನಲ್ಲಿ (ಜೇಸನ್ ಓದಿ ಬರೆಯುವ ಭಾಗ) ‘ಎನ್ಶೂರ್_ಆಸ್ಕಿ’ಯನ್ನು ಫಾಲ್ಸ್ ಮಾಡಿದರೆ ಸರಿಹೋಗುತ್ತದೆ, ಹಳೆಯ ಪಾಠಗಳು ಹೇಳಿಕೊಡುವ ‘ಜೇಸನ್_ಆ್ಯಸ್_ಆಸ್ಕಿ’ ಎಂಬ ಸೆಟ್ಟಿಂಗ್ 2.3ರಲ್ಲಿ ತೆಗೆದುಹಾಕಲ್ಪಟ್ಟಿರುವುದರಿಂದ ಅದನ್ನು ಬರೆದರೂ ಏನೂ ಆಗುವುದಿಲ್ಲ.

ದೋಷದ ಉತ್ತರಗಳು ಎಚ್‌ಟಿಎಂಎಲ್ ರೂಪದಲ್ಲೇ ಹೋಗುತ್ತವೆ, ಆದ್ದರಿಂದ ಅವೂ ಜೇಸನ್ ಆಗಿ ಹೋಗಬೇಕೆಂದರೆ ಎರರ್ ಹ್ಯಾಂಡ್ಲರ್ ಒಂದನ್ನು ನೀವೇ ಬರೆಯಬೇಕು. ಬರುವ ದತ್ತಾಂಶದ ಒಟ್ಟು ಗಾತ್ರಕ್ಕೂ ಮೊದಲಿಗೆ ಯಾವ ಮಿತಿಯೂ ಇರುವುದಿಲ್ಲ. ‘ಮ್ಯಾಕ್ಸ್_ಕಂಟೆಂಟ್_ಲೆಂತ್’ ನಿಗದಿಪಡಿಸಿದ ಮೇಲಷ್ಟೇ ಅದನ್ನು ಮೀರಿದ ಕೋರಿಕೆಗೆ 413ರ ಉತ್ತರ ಹೋಗುತ್ತದೆ.