ಪದ್ಮಿನಿಯ ಗೇರ್‌ಬಾಕ್ಸ್‌ಗೆ ಹುಬ್ಬಳ್ಳಿಯಲ್ಲಿ ಸಿಕ್ಕ ನುರಿತ ಕೈ

ಗೋಕುಲ ರಸ್ತೆಯ ಈ ಕಾರ್ಯಾಗಾರಕ್ಕೆ ನಮ್ಮ ಪ್ರೀಮಿಯರ್ ಪದ್ಮಿನಿ ಕಾರನ್ನು ಒಯ್ದಾಗ, ಎರಡನೆಯ ಗೇರ್ ಹಾಕುವಾಗಲೆಲ್ಲ ಕರಕರ ಸದ್ದು ಬರುತ್ತಿತ್ತು. ಆಕ್ಸಿಲರೇಟರ್ ಬಿಟ್ಟೊಡನೆ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಜಾರುತ್ತಿತ್ತು. ಮಿಸ್ತ್ರಿಯವರು ಗೇರ್‌ಬಾಕ್ಸನ್ನು ಬಿಚ್ಚಿ, ಸವೆದು ಅಂಚು ದುಂಡಗಾಗಿದ್ದ ಡಾಗ್ ಹಲ್ಲುಗಳನ್ನೂ (ಹಾಕಿದ ಗೇರ್ ಜಾರದಂತೆ ಹಿಡಿದಿಡುವ ಚಿಕ್ಕ ಹಲ್ಲುಗಳು), ಒಳಮೈ ನುಣುಪಾಗಿ ಗೇರಿನ ಶಂಕುವಿನಾಕಾರದ ಭಾಗವನ್ನು ಹಿಡಿಯಲಾರದಂತಾಗಿದ್ದ ಸಿಂಕ್ರೊ ಉಂಗುರವನ್ನೂ (ಗೇರ್ ಕೂರುವ ಮೊದಲು ಎರಡೂ ಭಾಗಗಳ ವೇಗವನ್ನು ಸರಿಹೊಂದಿಸುವ ಉಂಗುರ) ನನ್ನ ಕೈಗೇ ಕೊಟ್ಟು ತೋರಿಸಿದರು. ಹಲ್ಲಿಗೆ ವೆಲ್ಡಿಂಗ್ ಮಾಡಿ ಅರೆದರೆ, ಆ ಬಿಸಿಗೆ ಉಕ್ಕಿನ ಮೇಲ್ಪದರದ ಗಡಸುತನ ಕೆಡುತ್ತದೆಂದು ವಿವರಿಸಿ, ಗೇರನ್ನೂ ಉಂಗುರವನ್ನೂ ಬದಲಿಸಿಯೇ ಕೊಟ್ಟರು. ಅಗ್ಗದ ದಾರಿ ಹಿಡಿಯದ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಬೇರಿಂಗ್, ಆಯಿಲ್ ಸೀಲ್‌ಗಳೂ ಹೊಸವಾದವು. ಬಿಡಿಭಾಗ ಬರಲು ತಡವಾಯಿತಾದರೂ ಅದನ್ನು ಮೊದಲೇ ತಿಳಿಸಿದ್ದರು. ಈಗ ಧಾರವಾಡದ ಏರುಗಳಲ್ಲಿ ಮೂರರಿಂದ ಎರಡಕ್ಕೆ ಇಳಿಸಿದರೂ ಗೇರ್ ಸಲೀಸಾಗಿ ಕೂರುತ್ತದೆ. ಬಿಲ್ಲಿನಲ್ಲಿ ಪ್ರತಿ ಭಾಗದ ಬೆಲೆಯನ್ನೂ ಕೂಲಿಯನ್ನೂ ಬೇರೆಬೇರೆಯಾಗಿ ಬರೆದುಕೊಡುತ್ತಾರೆ.