ಗೋವಾ ಮಳೆಗಾಲಕ್ಕೆ ಕ್ಯಾಂಪರ್ ಎತ್ತಿಡುವಾಗ: ಟಾರ್ಪಾಲಿನ್ ಒಳ್ಳೇದಾ, ಬಟ್ಟೆ ಕವರ್ ಒಳ್ಳೇದಾ?

ಪಾಪ್-ಅಪ್ ಕ್ಯಾಂಪರ್ ಅಂದರೆ ಕಾರಿನ ಹಿಂದೆ ಎಳೆದೊಯ್ದು, ನಿಲ್ಲಿಸಿದಲ್ಲಿ ಬಿಚ್ಚಿ ಒಳಗೆ ಮಲಗುವಂಥ, ಕ್ಯಾನ್ವಾಸ್ ಗೋಡೆಯ ಮಡಚುವ ಗಾಡಿ. ಚಳಿ ದೇಶಗಳಲ್ಲಿ ಅದನ್ನು ಎತ್ತಿಡುವುದು ಚಳಿಗಾಲಕ್ಕೆ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ ಅನ್ನೋದು ಅಲ್ಲಿಯವರ ಚಿಂತೆ. ಗೋವಾದಲ್ಲಿ ನಾವು ಎತ್ತಿಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಇಲ್ಲಿ ಕಾಟ ಕೊಡುವುದು ತೇವ ಮತ್ತು ಬೂಷ್ಟು. ಒಂದು ಮಳೆಗಾಲ ಟಾರ್ಪಾಲಿನ್, ಮರುವರ್ಷ ಗಾಳಿಯಾಡುವ ಬಟ್ಟೆ ಕವರ್ ಹಾಕಿ ನೋಡಿದೆ.

ಟಾರ್ಪಾಲಿನ್ ಅಗ್ಗ, ಫೋಂಡಾದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಮಳೆನೀರನ್ನು ಒಳಗೆ ಬಿಡುವುದಿಲ್ಲ, ನಿಜ. ಆದರೆ ಒಳಗಿನ ತೇವವನ್ನು ಹೊರಗೂ ಬಿಡುವುದಿಲ್ಲ. ಆಗಸ್ಟ್‌ನಲ್ಲಿ ಅಂಚು ಎತ್ತಿದರೆ ಒಳಮೈ ತುಂಬ ನೀರಿನ ಹನಿ, ಬೆರಳು ತಾಗಿದರೆ ಸಾಲಾಗಿ ಇಳಿದವು. ಕ್ಯಾನ್ವಾಸಿನ ಮಡಿಕೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಪ್ಪು ಚುಕ್ಕಿಗಳು. ಎಷ್ಟು ಉಜ್ಜಿದರೂ ಕಲೆ ಪೂರ್ತಿ ಹೋಗಲಿಲ್ಲ.

ಬಟ್ಟೆ ಕವರ್‌ಗೆ ದುಡ್ಡು ಜಾಸ್ತಿ. ಬಯಲಲ್ಲಿ ನಿಲ್ಲಿಸಿದರೆ ಇರಚಲಿಗೆ ನೆನೆಯುತ್ತದೆ. ಆದರೆ ನಮ್ಮದು ಶೀಟ್ ಹಾಕಿದ ಶೆಡ್. ಚೌತಿ ಹೊತ್ತಿಗೆ ಬಿಚ್ಚಿ ನೋಡಿದೆ: ಬಟ್ಟೆ ಸ್ವಲ್ಪ ತಣ್ಣಗಿತ್ತು, ಅಷ್ಟೇ. ಹೊಸ ಚುಕ್ಕಿ ಇಲ್ಲ, ಮುಗ್ಗಲು ವಾಸನೆಯೂ ಇಲ್ಲ. ಶೆಡ್ ಇದ್ದವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. ಇಲ್ಲದವರು ಟಾರ್ಪಾಲಿನ್ನನ್ನೇ ಬಿದಿರಿನ ಗಳುಗಳ ಮೇಲೆ ಚಪ್ಪರ ಕಟ್ಟಿ, ಕ್ಯಾಂಪರ್‌ಗೆ ತಾಗದಂತೆ ನೋಡಿಕೊಳ್ಳಿ. ಎರಡು ಬದಿ ಗಾಳಿಗೆ ತೆರೆದಿರಲಿ.

ಯಾವ ಕವರ್ ಹಾಕಿದರೂ ಮೇ ಬಿಸಿಲಲ್ಲಿ ಪೂರ್ತಿ ಬಿಚ್ಚಿ, ಹೊಲಿಗೆ, ಮೂಲೆ ಎಲ್ಲ ಒಣಗಿಸಲೇಬೇಕು.

ತೇವ ಹೀರುವುದಕ್ಕೆ ಸಿಲಿಕಾ ಜೆಲ್ ಪೊಟ್ಟಣ, ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಎರಡನ್ನೂ ಇಟ್ಟು ನೋಡಿದೆ. ಕ್ಯಾಂಪರ್ ಒಳಗೆ ಗಾಳಿ ಎಲ್ಲಿಂದಲೋ ನುಗ್ಗುತ್ತಲೇ ಇರುತ್ತದೆ, ಹಾಗಾಗಿ ಸಿಲಿಕಾ ಬೇಗ ಸೋತಿತು. ಅದು ಸ್ಟವ್, ಟಾರ್ಚ್ ಇಡುವ ಗಾಳಿಯಾಡದ ಡಬ್ಬಕ್ಕೇ ಸರಿ. ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಕ್ಯಾಲ್ಸಿಯಂ ಕ್ಲೋರೈಡ್ ತೇವ ಎಳೆದುಕೊಂಡು ತಾನೇ ಕರಗುತ್ತದೆ, ಡಬ್ಬಿಯ ತಳದಲ್ಲಿ ನೀರು ತುಂಬುವುದು ಕಣ್ಣಿಗೇ ಕಾಣುತ್ತದೆ. ಕ್ಯಾಂಪರ್ ಒಳಗೆ ನನ್ನ ಮತ ಇದಕ್ಕೇ. ಒಂದೇ ಎಚ್ಚರ: ಆ ಉಪ್ಪುನೀರು ಚೆಲ್ಲಿದರೆ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಡಬ್ಬಿಯನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು, ಆಗಾಗ ನೀರು ಚೆಲ್ಲಿ ಬನ್ನಿ.

ಹಾಸಿಗೆ, ದಿಂಬು ಮಾತ್ರ ಒಳಗೆ ಬಿಡಬೇಡಿ, ಮನೆಗೆ ತನ್ನಿ. ಬ್ಯಾಟರಿಯನ್ನೂ ಬಿಚ್ಚಿ ತಂದು, ತಿಂಗಳಿಗೊಮ್ಮೆ ಚಾರ್ಜ್ ಮಾಡಿ.