ಕುಂದವಾಡ ಕೆರೆಗೆ ಯಾವುದು ಸರಿ: ರಾಮ್ಸಾರ್ ಪಟ್ಟಿಯೋ, ವೆಟ್‌ಲ್ಯಾಂಡ್ ಸಿಟಿಯೋ?

ದಾವಣಗೆರೆಯವರು ಈ ಕೆರೆಗೆ ಅಂತರರಾಷ್ಟ್ರೀಯ ಮಾನ್ಯತೆ ಕೇಳುವುದಾದರೆ ದಾರಿ ಎರಡು. ಎರಡೂ ಕೆರೆ, ಜೌಗಿನಂಥ ವೆಟ್‌ಲ್ಯಾಂಡ್‌ಗಳನ್ನು ಉಳಿಸುವ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಒಪ್ಪಂದದವು. ರಾಮ್ಸಾರ್ ಪಟ್ಟಿಗೆ ಸೇರುವುದು ಕೆರೆಯಷ್ಟೇ, ಊರಲ್ಲ. ಒಂಬತ್ತು ಮಾನದಂಡಗಳಲ್ಲಿ ಒಂದಾದರೂ ಹೊಂದಬೇಕು. 20,000 ನೀರುಹಕ್ಕಿಗಳು ತಪ್ಪದೆ ಬರುವುದು ಅವುಗಳಲ್ಲೊಂದು. ಊರಂಚಿನ ಕೆರೆಗೆ ಇದು ಸುಲಭವಲ್ಲ.

ವೆಟ್‌ಲ್ಯಾಂಡ್ ಸಿಟಿ ಮಾನ್ಯತೆ ಇಡೀ ಊರಿಗೆ. ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ನಗರ ಯೋಜನೆಯಲ್ಲಿ ಕೆರೆಗೆ ಜಾಗ ಇದೆಯಾ, ಜನ ಕೈಜೋಡಿಸಿದ್ದಾರಾ, ಎಲ್ಲ ನೋಡುತ್ತಾರೆ. ಭಾರತದಲ್ಲಿ ಮೊದಲು ಸಿಕ್ಕಿದ್ದು ಇಂದೋರ್, ಉದಯಪುರಕ್ಕೆ, 2025ರಲ್ಲಿ. ಸುಮ್ನೆ ಬೋರ್ಡ್ ಹಾಕಿ ಕೂರುವಂತಿಲ್ಲ, ಆರು ವರ್ಷಕ್ಕೆ ಮತ್ತೆ ಪರೀಕ್ಷೆ. ನನಗೆ ಇಷ್ಟವಾಗಿದ್ದೇ ಅದು. ಭದ್ರಾ ನಾಲೆಯ ನೀರು ತುಂಬಿಕೊಂಡು ನಮಗೆ ಕುಡಿಯಲು ಕೊಡುವ ಕೆರೆ ಇದು, ಅಲ್ವಾ? ಹಾಗಾಗಿ ನನ್ನ ಆಯ್ಕೆ ಎರಡನೆಯದು. ಚನ್ನಗಿರಿ ಕಡೆಯ ದೊಡ್ಡ ಕೆರೆಯಾದ ಸೂಳೆಕೆರೆಗೆ ಮಾತ್ರ ರಾಮ್ಸಾರ್ ದಾರಿಯನ್ನೇ ಹಿಡಿಯೋಣ.